ನಾಲ್ಕನೇ ತರಗತಿಯ ಮಗನ ಓದು ಮತ್ತು ಗಮನದ ತೊಂದರೆ: ಪರೀಕ್ಷೆ ಯಾವ ಭಾಷೆಯಲ್ಲಿ, ಯಾವ ಊರಿನಲ್ಲಿ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಬ್ಬ ತಾಯಿ

ಒಂಬತ್ತು ವರ್ಷದ ನನ್ನ ಮಗ ಇಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದಾನೆ. ಮನೆಯಲ್ಲಿ ಹವ್ಯಕ ಕನ್ನಡ, ನೆರೆಕರೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ, ಜೊತೆಗೆ ಮಲಯಾಳ ಮತ್ತು ಇಂಗ್ಲಿಷ್. ಯಕ್ಷಗಾನ ನೋಡಿ ಬಂದರೆ ಪ್ರಸಂಗದ ಕಥೆಯನ್ನು ಸಂಭಾಷಣೆ ಸಹಿತ ಒಪ್ಪಿಸಬಲ್ಲ ಹುಡುಗ, ಪಾಠಪುಸ್ತಕ ತೆರೆದರೆ ಪ್ರತಿ ಒತ್ತಕ್ಷರದ ಮುಂದೆ ತಡವರಿಸುತ್ತಾನೆ. ‘ಬ’ಕಾರ ‘ಭ’ಕಾರಗಳು ಅದಲುಬದಲಾಗುತ್ತವೆ, ನಕಲು ಬರೆಯುವಾಗ ಸಾಲುಗಳೇ ಬಿಟ್ಟುಹೋಗುತ್ತವೆ. ಐದು ನಿಮಿಷ ಒಂದೆಡೆ ಕುಳಿತುಕೊಳ್ಳುವುದಿಲ್ಲ. ಮಂಗಳೂರಿನಲ್ಲಿ ಒಬ್ಬರು ಇಂಗ್ಲಿಷ್ ಪದಪಟ್ಟಿ ಓದಿಸಿ ಕಲಿಕಾ ನ್ಯೂನತೆ ಎಂದು ವರದಿ ಕೊಟ್ಟಿದ್ದಾರೆ. ಭಾಷೆಗಳು ಹೆಚ್ಚಾದುದೇ ಕಾರಣ, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ ಎಂಬುದು ಬಂಧುಗಳ ಸಲಹೆ. ನಾವು ಯಾರನ್ನು ನಂಬಬೇಕು?

ಉತ್ತರ: ವಾಕ್ ಮತ್ತು ಭಾಷಾ ಚಿಕಿತ್ಸಕಿ, ಪುತ್ತೂರು

ಬಹುಭಾಷೆ ಕಲಿಕಾ ನ್ಯೂನತೆಯನ್ನು ಉಂಟುಮಾಡುವುದಿಲ್ಲ; ಹಾಗಿರುತ್ತಿದ್ದರೆ ಕಾಸರಗೋಡಿನ ಅರ್ಧ ಮಕ್ಕಳು ಓದಲಾರದೆ ಇರಬೇಕಿತ್ತು. ಆದರೆ ಮಗು ವಾರಕ್ಕೆ ಕೆಲವೇ ಗಂಟೆ ಕಲಿಯುವ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದ ವರದಿಯಿಂದ, ಅವನಿಗೆ ಓದುವ ತೊಂದರೆಯಿದೆಯೋ ಅಥವಾ ಇಂಗ್ಲಿಷ್ ಪರಿಚಯ ಸಾಲದೋ ಎಂದು ಹೇಳಲಾಗದು. ಪರೀಕ್ಷೆ ಅವನು ಕಲಿಯುತ್ತಿರುವ ಕನ್ನಡದಲ್ಲಿಯೇ ನಡೆಯಬೇಕು. ಕನ್ನಡದಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ಹೊಂದಾಣಿಕೆ ಹೆಚ್ಚಿರುವುದರಿಂದ ತೊಂದರೆ ಅನೇಕ ವೇಳೆ ತಪ್ಪು ಓದಿನಲ್ಲಿ ಕಾಣಿಸುವುದಕ್ಕಿಂತ ನಿಧಾನ ಓದಿನಲ್ಲಿ ಕಾಣಿಸುತ್ತದೆ. ಗುಣಿತ, ಒತ್ತಕ್ಷರ ಎಂದು ನೂರಾರು ರೂಪಗಳಿರುವುದರಿಂದ ಸಾಮಾನ್ಯ ಮಕ್ಕಳೂ ಇವುಗಳ ಮೇಲೆ ಹಿಡಿತ ಸಾಧಿಸಲು ಹಲವು ವರ್ಷ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಎಷ್ಟು ತಪ್ಪಿದನೆಂದು ಎಣಿಸಿದರೆ ಸಾಲದು, ತನ್ನ ತರಗತಿಯ ಇತರರಿಗಿಂತ ಎಷ್ಟು ಹಿಂದಿದ್ದಾನೆ ಎಂಬುದನ್ನೂ ನೋಡಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲಿಯೇ ಓದು ಬರಹದ ಮೌಲ್ಯಮಾಪನ ಮಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇನ್ನೊಂದು ದಾರಿ. ಅದಕ್ಕೆ ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸಿ. ಇದನ್ನು ಮರೆತು ಬರುವವರು ಬಹಳ.

ಉತ್ತರ: ವಿಶೇಷ ಅಧ್ಯಾಪಕ, ಕುಂಬಳೆ ಉಪಜಿಲ್ಲೆ

ಗಮನದ ವಿಚಾರವನ್ನು ಪ್ರತ್ಯೇಕವಾಗಿ ನೋಡಬೇಕೆಂದು ನನ್ನ ಅಭಿಪ್ರಾಯ. ಅರ್ಥವಾಗದ ಪುಟದ ಮುಂದೆ ಯಾವ ಮಗುವೂ ಕುಳಿತಿರಲಾರದು. ಆದುದರಿಂದ ಚಂಚಲತೆ ಓದುವಾಗ ಮಾತ್ರವೋ, ಊಟ, ಆಟ, ಸ್ನಾನದಲ್ಲೂ ಇದೆಯೋ ಗಮನಿಸಿ. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎನ್ನಲು ಅದರ ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ, ಮನೆ ಮತ್ತು ಶಾಲೆಯಂತಹ ಎರಡು ಪರಿಸರಗಳಲ್ಲಿ, ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಇದನ್ನು ನಿರ್ಧರಿಸಬೇಕಾದವರು ಮನೋವೈದ್ಯರು ಅಥವಾ ಮಕ್ಕಳ ತಜ್ಞರು, ಶಾಲೆಯವರಲ್ಲ. ಎರಡು ತೊಂದರೆಗಳೂ ಒಂದೇ ಮಗುವಿನಲ್ಲಿರುವುದು ಅಪರೂಪವಲ್ಲ. ಔಷಧಿಯಿಂದ ಗಮನ ಸುಧಾರಿಸಬಹುದು, ಆದರೆ ಒತ್ತಕ್ಷರವನ್ನು ಕಲಿಸಿಯೇ ಕಲಿಸಬೇಕು. ಮುಖ್ಯೋಪಾಧ್ಯಾಯರ ಮೂಲಕ ಸಮಗ್ರ ಶಿಕ್ಷಾ ಯೋಜನೆಯ ಬಿ.ಆರ್.ಸಿ.ಗೆ (ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ) ಲಿಖಿತವಾಗಿ ತಿಳಿಸಿ. ಅಲ್ಲಿಂದ ಬರುವ ವಿಶೇಷ ಅಧ್ಯಾಪಕರಿಗೆ ಕನ್ನಡ ಓದಲು ಬರುತ್ತದೆಯೇ ಎಂದು ಕೇಳಲು ಸಂಕೋಚ ಬೇಡ. ಮಲಯಾಳ ಮಾತ್ರ ಬಲ್ಲವರು ಕನ್ನಡದ ಕಾಗುಣಿತ ತಿದ್ದಲಾರರು. ಮಾಧ್ಯಮ ಬದಲಾಯಿಸುವುದನ್ನು ನಾನು ಒಪ್ಪುವುದಿಲ್ಲ. ಅರ್ಥ ತಿಳಿದ ಭಾಷೆಯಲ್ಲೇ ಓದಲು ಕಷ್ಟಪಡುವ ಮಗುವಿಗೆ ಅರ್ಥ ತಿಳಿಯದ ಭಾಷೆ ಇನ್ನೊಂದು ಹೊರೆ.

ಉತ್ತರ: ಮಂಜೇಶ್ವರದ ಒಬ್ಬ ತಂದೆ

ನಾವು ಇದೇ ದಾರಿಯಲ್ಲಿ ನಡೆದವರಾದುದರಿಂದ ಕಾಗದಪತ್ರದ ವಿಷಯ ಹೇಳುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಎಡಿಎಚ್‌ಡಿ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ವರದಿಯಲ್ಲಿ ಗಮನದ ತೊಂದರೆಯನ್ನು ಮಾತ್ರ ಬರೆಸಿಕೊಂಡು ಬಂದರೆ ಮುಂದೆ ನ್ಯೂನತೆಯ ಪ್ರಮಾಣಪತ್ರಕ್ಕೆ ತೊಡಕಾಗುತ್ತದೆ. ಮೌಲ್ಯಮಾಪನ ಕರ್ನಾಟಕದಲ್ಲಿ ಮಾಡಿಸಿದರೂ ಪ್ರಮಾಣಪತ್ರಕ್ಕೆ ನೀವು ವಾಸವಿರುವ ಜಿಲ್ಲೆಯಲ್ಲಿ ಅರ್ಜಿ ಹಾಕುವುದು ಸುಗಮ, ಏಕೆಂದರೆ ಎಸ್.ಎಸ್.ಎಲ್.ಸಿ.ಯಲ್ಲಿ ಹೆಚ್ಚುವರಿ ಸಮಯ ಅಥವಾ ಬರಹಗಾರರ ನೆರವನ್ನು ಕೊಡಬೇಕಾದುದು ಕೇರಳದ ಪರೀಕ್ಷಾ ವ್ಯವಸ್ಥೆ. ಅದು ಇನ್ನೂ ದೂರವಿದೆ, ಆದರೆ ಕಡತ ಈಗಲೇ ಆರಂಭವಾಗಲಿ.

ಮರುಪ್ರಶ್ನೆ: ಬದಿಯಡ್ಕದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಮೈಸೂರಿಗೆ ಹೋಗುವಾಗ ಹಳೆಯ ವರದಿಯನ್ನು ತೋರಿಸಬೇಕೇ?

ಉತ್ತರ: ವಾಕ್ ಮತ್ತು ಭಾಷಾ ಚಿಕಿತ್ಸಕಿ, ಪುತ್ತೂರು

ತೋರಿಸಿ, ಮುಚ್ಚಿಡಬೇಡಿ. ಅದಕ್ಕಿಂತ ಮುಖ್ಯವಾಗಿ ಎರಡನೇ ತರಗತಿಯಿಂದ ಇಲ್ಲಿಯವರೆಗಿನ ಕನ್ನಡ ನೋಟುಪುಸ್ತಕಗಳನ್ನೂ, ತರಗತಿ ಅಧ್ಯಾಪಕರು ಬರೆದ ಒಂದು ಪುಟವನ್ನೂ ಕೊಂಡೊಯ್ಯಿರಿ. ಮನೆಯಲ್ಲಿ ಯಾವ ಭಾಷೆ, ಮಲಯಾಳ ಯಾವ ತರಗತಿಯಿಂದ ಆರಂಭವಾಯಿತು ಎಂಬುದನ್ನು ಅದರಲ್ಲಿ ನಮೂದಿಸಿರಬೇಕು, ಗಡಿಯಾಚೆಯ ಪರೀಕ್ಷಕರಿಗೆ ಅದು ತಾನಾಗಿ ತಿಳಿದಿರುವುದಿಲ್ಲ.