ಸಹಾಯ ಬೇಕು: ಫುಟ್‌ಪಾತ್ ಎರಡೂ ಕಡೆ ಕೇಳುವುದಾ, ಒಂದೇ ಕಡೆ ಸಾಕಾ?

ನಮಸ್ಕಾರ. ಮೈಸೂರಿನಲ್ಲಿ ನಮ್ಮ ಮನೆ ಮುಂದಿನ ರಸ್ತೆಗೆ ಹೊಸ ಫುಟ್‌ಪಾತ್ ಬರುತ್ತದಂತೆ. ನಿವಾಸಿಗಳ ಅಭಿಪ್ರಾಯ ಬರೆದು ಕೊಡಿ ಎಂದು ಎಂಜಿನಿಯರ್ ಹೇಳಿದ್ದಾರೆ. ಕೆಲಸ ಶುರುವಾಗುವ ಮೊದಲೇ ಕೇಳಿದ್ದು ನಿಜಕ್ಕೂ ಖುಷಿ.

ತೊಂದರೆ ಇರುವುದು ಜಾಗದ್ದು. ಒಂದು ಕಡೆ ಸಾಲಾಗಿ ಹೊಂಗೆ ಮರಗಳು. ಬೇರು ಎದ್ದು ಚರಂಡಿ ಮೇಲಿನ ಚಪ್ಪಡಿಗಳೆಲ್ಲ ಓರೆಯಾಗಿವೆ. ಇನ್ನೊಂದು ಕಡೆ ಪ್ರತಿ ಗೇಟಿನ ಮುಂದೆ ಕಾರು ಹತ್ತಿಸುವ ಇಳಿಜಾರು. ಪಕ್ಕದ ಮನೆ ಅಜ್ಜಿ ವಾಕರ್ ಹಿಡಿದು ರಸ್ತೆಯಲ್ಲೇ ನಡೆಯುತ್ತಾರೆ, ಹಿಂದಿನಿಂದ ಆಟೋದವರು ಹಾರ್ನ್ ಹೊಡೆಯುತ್ತಾರೆ. ನೋಡಿದರೆ ಎದೆ ಝಲ್ ಅನ್ನುತ್ತದೆ.

ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಓದಿದೆ. ಅದರ ಪ್ರಕಾರ ವಾಸದ ಬೀದಿಯಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಅಂಚಿನ ಕಲ್ಲು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. ಟೇಪ್ ಹಿಡಿದು ಅಳೆದರೆ ಮರದ ಬುಡದ ಹತ್ತಿರ ಒಂದು ಮೀಟರೂ ಸಿಗುವುದಿಲ್ಲ. ಬೀದಿಯವರೆಲ್ಲ ಸೇರಿ ಮಾತಾಡಿದೆವು, ಒಮ್ಮತ ಆಗಲಿಲ್ಲ. ಕೆಲವರು ಮರ ಕಡಿಸಿ ಅನ್ನುತ್ತಾರೆ. ಅದಕ್ಕೆ ನಾನಂತೂ ಒಪ್ಪುವುದಿಲ್ಲ, ಅಷ್ಟು ನೆರಳು ಮತ್ತೆ ಬರಲು ಎಷ್ಟು ವರ್ಷ ಬೇಕು ಅಲ್ವಾ? ಎಂಜಿನಿಯರ್ ಹತ್ತಿರ ಹೋದರೆ, "ನೀವೇ ತೀರ್ಮಾನಿಸಿ ಸಹಿ ಹಾಕಿ ಕೊಡಿ" ಅನ್ನುತ್ತಾರೆ.

ನನ್ನ ಗೊಂದಲ ಇಷ್ಟೇ. ಎರಡೂ ಕಡೆ ಸುಮ್ನೆ ಕಿರಿದಾಗಿ ಹಾಕಿಸುವ ಬದಲು, ಮರ ಇಲ್ಲದ ಕಡೆ ಮಾತ್ರ ಪೂರ್ತಿ 1.8 ಮೀಟರ್ ಕೇಳಬಹುದಾ? ನಿಮ್ಮ ಬಡಾವಣೆಯಲ್ಲಿ ಹೀಗೆ ಮಾಡಿಸಿದ್ದರೆ, ಗೇಟಿನ ಇಳಿಜಾರುಗಳನ್ನು ಏನು ಮಾಡಿದಿರಿ, ಅರ್ಜಿಯಲ್ಲಿ ಹೇಗೆ ಬರೆದಿರಿ?