ಬ್ರೋಕರ್ ಇಲ್ಲದೆ ಹಳೆಯ ಹಾಯಿದೋಣಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಯಾವುದು?

ಪ್ರಶ್ನೆ (ಫ್ರೀಮಾಂಟ್‌ನಿಂದ)

ಮಾನ್ಯರೆ, ನಾನು ಹನ್ನೊಂದು ವರ್ಷಗಳಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಸುಪಾಸಿನಲ್ಲಿ ವಾಸವಾಗಿದ್ದೇನೆ. ಕಳೆದ ಮೂರು ಬೇಸಿಗೆಗಳಲ್ಲಿ ಬರ್ಕ್ಲಿಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತಿದ್ದೇನೆ. ಈಗ ಅಲಮೇಡಾದಲ್ಲಿ 1984ರಲ್ಲಿ ತಯಾರಾದ ಕ್ಯಾಟಲೀನಾ 30 ದೋಣಿಯೊಂದನ್ನು ಅದರ ಮಾಲೀಕರು ನೇರವಾಗಿ ಮಾರುತ್ತಿದ್ದಾರೆ. ಕೇಳುತ್ತಿರುವ ಬೆಲೆ 13,500 ಡಾಲರ್. ಅವರು ಸಜ್ಜನರು, ಸುಮಾರು 20 ವರ್ಷ ಆ ದೋಣಿಯನ್ನು ಅಕ್ಕರೆಯಿಂದ ನೋಡಿಕೊಂಡವರು. ದೋಣಿ ಕೋಸ್ಟ್ ಗಾರ್ಡ್‌ನ (ಅಮೆರಿಕದ ಕರಾವಳಿ ಪಡೆಯ) ದಾಖಲೆಯಲ್ಲಿದೆ, ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡರೆ ಸಾಕು ಎನ್ನುತ್ತಾರೆ. ಬೇರೆಯವರೂ ಕೇಳುತ್ತಿರುವುದರಿಂದ ಈ ವಾರವೇ 2,000 ಡಾಲರ್ ಮುಂಗಡ ಕೊಡಬೇಕಂತೆ. ನನ್ನ ಬಳಿ ಗ್ರೀನ್ ಕಾರ್ಡ್ ಇದೆ, ಪೌರತ್ವ ಇನ್ನೂ ಬಂದಿಲ್ಲ. ದೋಣಿಯ ಸ್ಥಿತಿಯನ್ನು ಪರೀಕ್ಷಿಸುವ ಸರ್ವೇಯರ್‌ನನ್ನು ಕರೆಸುವುದೋ, ಕಾಗದಪತ್ರ ನೋಡುವುದೋ, ಮುಂಗಡ ಕೊಟ್ಟು ದೋಣಿಯನ್ನು ಉಳಿಸಿಕೊಳ್ಳುವುದೋ, ಯಾವುದು ಮೊದಲಾಗಬೇಕು?

ಉತ್ತರ 1 (ಸ್ಯಾನ್ ಹೋಸೆಯಿಂದ)

ಕಾಗದಪತ್ರವೇ ಮೊದಲು. ಅದಕ್ಕೆ ಕೆಲವೇ ಡಾಲರ್ ಸಾಕು. ಸರ್ವೆಗೂ ದೋಣಿಯನ್ನು ನೀರಿನಿಂದ ಎತ್ತಿಸುವುದಕ್ಕೂ ನೂರಾರು ಡಾಲರ್ ಬೇಕು.

ನಿಮ್ಮ ವಿಷಯದಲ್ಲಿ ಮುಖ್ಯವಾದ ಒಂದು ತೊಡಕಿದೆ. ಕೋಸ್ಟ್ ಗಾರ್ಡ್‌ನ ದಾಖಲಾತಿ ಅಮೆರಿಕದ ಪೌರರಿಗೆ ಮಾತ್ರ ದೊರೆಯುತ್ತದೆ. ಗ್ರೀನ್ ಕಾರ್ಡ್ ಇದ್ದರೆ ಸಾಲದು. ಆದ್ದರಿಂದ ಮಾರುವವರು ಹೇಳಿದ ದಾರಿ ನಿಮಗೆ ಮುಚ್ಚಿದೆ. ಆ ದಾಖಲಾತಿಯನ್ನು ರದ್ದುಪಡಿಸಿ, ರದ್ದಾದುದಕ್ಕೆ ಪುರಾವೆ ಪಡೆದು, ಆಮೇಲೆ ಕ್ಯಾಲಿಫೋರ್ನಿಯಾದ ವಾಹನ ನೋಂದಣಿ ಇಲಾಖೆಯಾದ ಡಿಎಂವಿಯಲ್ಲಿ ದೋಣಿಯನ್ನು ನಿಮ್ಮ ಹೆಸರಿಗೆ ನೋಂದಾಯಿಸಬೇಕು. ದೋಣಿಯ ಮೇಲೆ ಅಡಮಾನ ದಾಖಲಾಗಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯಿಲ್ಲದೆ ಈ ರದ್ದತಿ ಆಗುವುದಿಲ್ಲ.

ಅಡಮಾನ ಇದೆಯೇ ಎಂದು ತಿಳಿಯಲು ಕೋಸ್ಟ್ ಗಾರ್ಡ್‌ನ ದಾಖಲಾತಿ ಕಚೇರಿಯಾದ ನ್ಯಾಷನಲ್ ವೆಸೆಲ್ ಡಾಕ್ಯುಮೆಂಟೇಷನ್ ಸೆಂಟರ್‌ನಿಂದ ‘ಆಬ್‌ಸ್ಟ್ರಾಕ್ಟ್ ಆಫ್ ಟೈಟಲ್’ ತರಿಸಿಕೊಳ್ಳಿ. ಅದರ ಶುಲ್ಕ 25 ಡಾಲರ್. ಊರಿನಲ್ಲಿ ನಿವೇಶನ ಕೊಳ್ಳುವ ಮೊದಲು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ ತೆಗೆಸುತ್ತೇವಲ್ಲ, ಇದು ಹೆಚ್ಚುಕಡಿಮೆ ಅದೇ: ಯಾರಿಂದ ಯಾರಿಗೆ ಮಾರಾಟವಾಯಿತು, ಯಾವ ಸಾಲ ದಾಖಲಾಯಿತು, ಯಾವುದು ತೀರಿತು ಎಂಬುದೆಲ್ಲ ಅದರಲ್ಲಿ ಸಾಲಾಗಿ ಇರುತ್ತದೆ. ಬಂದ ಮೇಲೆ ದೋಣಿಯ ಬಳಿಗೆ ಹೋಗಿ ಎರಡು ಸಂಖ್ಯೆಗಳನ್ನು ನೀವೇ ತಾಳೆ ನೋಡಬೇಕು. ಒಂದು, ಹಿಂಭಾಗದ ಬಲಗಡೆ ಇರುವ 12 ಅಕ್ಷರಗಳ ಹಲ್ (ದೋಣಿಯ ಒಡಲು) ಗುರುತು; ಇನ್ನೊಂದು, ದೋಣಿಯ ಒಳಗೆ ಕನಿಷ್ಠ ಮೂರು ಇಂಚು ಎತ್ತರದ ಅಂಕಿಗಳಲ್ಲಿ ಶಾಶ್ವತವಾಗಿ ಹಾಕಿರಬೇಕಾದ, ಕೋಸ್ಟ್ ಗಾರ್ಡ್ ದಾಖಲಾತಿಯ ಅಧಿಕೃತ ಸಂಖ್ಯೆ.

ಉತ್ತರ 2 (ಅಲಮೇಡಾದಿಂದ)

ಮೇಲಿನ ಮಾತೆಲ್ಲ ಸರಿ, ಆದರೆ ಋಣಭಾರ ಪತ್ರದಂತೆಯೇ ಆ ದಾಖಲೆಗೂ ಒಂದು ಮಿತಿಯಿದೆ. ದೋಣಿಗೆ ದುರಸ್ತಿ ಮಾಡಿದವರ, ಸಾಮಗ್ರಿ ಒದಗಿಸಿದವರ ಬಾಕಿ ಇಲ್ಲಿನ ಕಡಲ ಕಾನೂನಿನ ಪ್ರಕಾರ ದೋಣಿಗೇ ಅಂಟಿಕೊಳ್ಳಬಹುದು. ಎಲ್ಲಿಯೂ ದಾಖಲಾಗಿರದಿದ್ದರೂ, ಮಾಲೀಕರು ಬದಲಾದರೂ ಆ ಹಕ್ಕು ದೋಣಿಯ ಹಿಂದೆಯೇ ಬರುತ್ತದೆ. ನನ್ನ ಮೊದಲ ದೋಣಿಯನ್ನು ಕೊಂಡ ಎರಡು ತಿಂಗಳ ಮೇಲೆ ದುರಸ್ತಿ ಅಂಗಳವೊಂದರಿಂದ 2,300 ಡಾಲರಿನ ಹಳೆಯ ಬಿಲ್ ಬಂತು. ಮಾರಿದವರು ಆ ಹೊತ್ತಿಗೆ ಬೇರೆ ರಾಜ್ಯಕ್ಕೆ ಹೋಗಿದ್ದರು, ಫೋನ್ ಎತ್ತಲಿಲ್ಲ. ಕೊನೆಗೆ ನಾನೇ ತೀರಿಸಿದೆ. ಆ ನೋವು ನಿಮಗೆ ಬರಬಾರದೆಂದೇ ಇದನ್ನು ಬರೆಯುತ್ತಿದ್ದೇನೆ. ದೋಣಿ ನಿಂತಿರುವ ಮರೀನಾದ ಕಚೇರಿಗೂ ಕೊನೆಯ ಸಲ ಕೆಲಸ ಮಾಡಿದ ಅಂಗಳಕ್ಕೂ ಮಾರುವವರ ಅನುಮತಿಯೊಂದಿಗೆ ಹೋಗಿ, ಬಾಕಿ ಇಲ್ಲವೆಂದು ಬರಹದಲ್ಲಿ ಪಡೆದುಕೊಳ್ಳಿ. ಕ್ರಯಪತ್ರದಲ್ಲಿಯೂ ಯಾವ ಋಣವೂ ಇಲ್ಲವೆಂಬ ಖಾತರಿಯನ್ನು ಬರೆಸಿಕೊಳ್ಳಿ.

ಜನವರಿ 1ರಂದು ಯಾರ ಹೆಸರಿನಲ್ಲಿ ದೋಣಿ ಇರುತ್ತದೋ ಅವರ ಮೇಲೆ ಕೌಂಟಿಯ ಆಸ್ತಿ ತೆರಿಗೆ ಬೀಳುತ್ತದೆ. ಅದು ಕಟ್ಟಿದೆಯೇ ಎಂದು ಕೇಳಿ. ಮರೀನಾದ ಜಾಗ ದೋಣಿಯ ಜೊತೆಗೆ ತಾನಾಗಿಯೇ ಬರುತ್ತದೆಂದು ತಿಳಿಯಬೇಡಿ.

ಮುಂಗಡ ಕೊಡುವುದು ತಪ್ಪಲ್ಲ, ಷರತ್ತಿಲ್ಲದೆ ಕೊಡುವುದು ತಪ್ಪು. ಕಾಗದಪತ್ರ ಶುದ್ಧವಾಗಿರದಿದ್ದರೆ, ಸರ್ವೆ ಅಥವಾ ನೀರಿನ ಮೇಲಿನ ಪರೀಕ್ಷೆ ತೃಪ್ತಿಕರವಾಗಿರದಿದ್ದರೆ, ವಿಮೆ ದೊರೆಯದಿದ್ದರೆ ಪೂರ್ತಿ ಹಣ ಹಿಂದಿರುಗಿಸಬೇಕೆಂದು ಒಂದು ಪುಟದ ಒಪ್ಪಂದ ಮಾಡಿ, ಹಣವನ್ನು ಎಸ್ಕ್ರೋದಲ್ಲಿ, ಅಂದರೆ ವ್ಯವಹಾರ ಮುಗಿಯುವವರೆಗೆ ಮೂರನೆಯವರ ವಶದಲ್ಲಿ, ಇಡಿ.

ಉತ್ತರ 3 (ರಿಚ್‌ಮಂಡ್‌ನಿಂದ)

ನಾನು ಒಂಬತ್ತು ವರ್ಷದಿಂದ ಇದೇ ಮಾದರಿಯ ದೋಣಿಯನ್ನು ನಡೆಸುತ್ತಿರುವುದರಿಂದ ದೋಣಿಯ ಬಗ್ಗೆಯೇ ಹೇಳುತ್ತೇನೆ. ಕ್ಯಾಟಲೀನಾ 30 ಒಳ್ಳೆಯ ಆಯ್ಕೆ. 6,000ಕ್ಕೂ ಹೆಚ್ಚು ತಯಾರಾಗಿರುವುದರಿಂದ ಬಿಡಿಭಾಗಗಳು ಸಿಗುತ್ತವೆ, ರೋಗಗಳೂ ಎಲ್ಲರಿಗೂ ಗೊತ್ತು.

ದೋಣಿ ನೀರಿನಿಂದ ಮೇಲೆ ಬಂದಾಗ ಕೀಲ್ (ದೋಣಿಯ ಅಡಿಯಲ್ಲಿರುವ ಭಾರದ ರೆಕ್ಕೆ) ಮತ್ತು ಹಲ್ ಸೇರುವ ಜಾಗದ ಮುಂಭಾಗವನ್ನು ನೋಡಿ. ಅಲ್ಲಿ ಬಾಯಿ ಬಿಟ್ಟಂತೆ ಕಾಣುವ ಬಿರುಕಿಗೆ ‘ಕ್ಯಾಟಲೀನಾ ಸ್ಮೈಲ್’ ಎನ್ನುತ್ತಾರೆ. ಬರೀ ಮೇಲಿನ ಲೇಪ ಬಿಟ್ಟಿದ್ದರೆ ಗಾಬರಿಯಿಲ್ಲ. ಆದರೆ ಹಳೆಯ ದೋಣಿಗಳಲ್ಲಿ ಕೀಲ್ ಬೋಲ್ಟುಗಳು ಹಾದುಹೋಗುವ ಜಾಗದಲ್ಲಿ ಪ್ಲೈವುಡ್ ಇದ್ದು, ಅದಕ್ಕೆ ನೀರು ಇಳಿದಿದ್ದರೆ ದುರಸ್ತಿಯ ಖರ್ಚು ದೋಣಿಯ ಬೆಲೆಯನ್ನೇ ನುಂಗಬಹುದು. ಎರಡನೆಯದು ಮಾಸ್ಟ್, ಅಂದರೆ ಹಾಯಿಕಂಬ. ಅದು ಡೆಕ್ಕಿನ ಮೇಲೆ ನಿಂತಿರುತ್ತದೆ. ಅದರ ಭಾರವನ್ನು ಒಳಗಿನ ಕಂಬವೊಂದು ತಳಕ್ಕೆ ಇಳಿಸುತ್ತದೆ. ಆ ಕಂಬದ ಬುಡದ ಮರ ಕೊಳೆತರೆ ಡೆಕ್ ತಗ್ಗುತ್ತದೆ, ಮಾಸ್ಟನ್ನು ಹಿಡಿದಿರುವ ತಂತಿಗಳು ಸಡಿಲವಾಗುತ್ತವೆ, ಒಳಗಿನ ಬಾಗಿಲು ಹಿಡಿದುಕೊಳ್ಳುತ್ತದೆ. ಆ ತಂತಿಗಳನ್ನು ಕೊನೆಯ ಸಲ ಬದಲಾಯಿಸಿದ್ದು ಯಾವಾಗ ಎಂದು ಕೇಳಿ, ರಸೀದಿಯನ್ನೇ ತೋರಿಸಲು ಹೇಳಿ.

ಎಂಜಿನ್ನನ್ನು ನೀವು ಹೋಗುವ ಮೊದಲೇ ಬಿಸಿ ಮಾಡಿಡದಿರಲು ವಿನಂತಿಸಿ. ತಣ್ಣಗಿರುವಾಗ ಹೇಗೆ ಶುರುವಾಗುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಯೂನಿವರ್ಸಲ್ ಡೀಸೆಲ್ ಎಂಜಿನ್ ಇದ್ದರೆ ಅದರ ವೈರುಗಳ ಪ್ಲಗ್ ಕರಗಿದೆಯೇ ನೋಡಿ. ಸರ್ವೇಯರ್‌ನನ್ನು ಅವರ ಸಂಘಗಳಾದ ಸ್ಯಾಮ್ಸ್ ಅಥವಾ ನ್ಯಾಮ್ಸ್‌ನ ಸದಸ್ಯರಲ್ಲಿ ನೀವೇ ಆರಿಸಿ, ಮಾರುವವರು ಸೂಚಿಸಿದವರು ಬೇಡ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ದಾಖಲೆ ಬಂತು. ಸಂಖ್ಯೆಗಳೆರಡೂ ತಾಳೆಯಾದವು, ಆದರೆ 2006ರ ಬ್ಯಾಂಕ್ ಅಡಮಾನವೊಂದು ಇನ್ನೂ ತೀರದಂತೆಯೇ ಕಾಣುತ್ತಿದೆ. ತೋರಿಸಿದಾಗ ಮಾಲೀಕರೇ ಬೆಚ್ಚಿದರು. ಸಾಲ ತೀರಿಸಿ ಹತ್ತು ವರ್ಷವಾಯಿತಂತೆ, ತೀರುವಳಿ ಪತ್ರವನ್ನು ದಾಖಲಿಸಬೇಕೆಂದು ಅವರಿಗೆ ತಿಳಿದಿರಲಿಲ್ಲ. ಈಗ ಬ್ಯಾಂಕಿಗೆ ಬರೆದಿದ್ದಾರೆ. ಷರತ್ತಿನ ಒಪ್ಪಂದಕ್ಕೂ ಒಪ್ಪಿದ್ದಾರೆ. ತೀರುವಳಿ ದಾಖಲಾಗುವವರೆಗೆ ಸರ್ವೆಗೆ ಹಣ ಹಾಕದೆ ಕಾಯಬೇಕೆಂದುಕೊಂಡಿದ್ದೇನೆ.

ಉತ್ತರ 1 ಬರೆದವರು

ಕಾಯಿರಿ. ಆ ಪತ್ರ ಮಾಲೀಕರ ಕೈ ಸೇರಿದರೆ ಸಾಲದು. ಅದು ದಾಖಲಾದ ಮೇಲೆ ಇನ್ನೊಂದು 25 ಡಾಲರ್ ಕಟ್ಟಿ ಹೊಸ ಪ್ರತಿ ತರಿಸಿ, ಅಡಮಾನದ ಎದುರಿಗೆ ತೀರುವಳಿ ನಮೂದಾಗಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ದೋಣಿಯನ್ನು ಎತ್ತಿಸುವ ದಿನ ಗೊತ್ತುಮಾಡಿ.