ಗೋಣಿಕೊಪ್ಪದಲ್ಲಿ ಕ್ರಿಯೇಟಿವ್ ಕೋಡಿಂಗ್ ಕೂಟ: ಏನೇನು ಸಿದ್ಧ ಇರಬೇಕು?

ಗೋಣಿಕೊಪ್ಪ_ಪಿಕ್ಸೆಲ್:
ನಮ್ಮ ಬಡಾವಣೆಯ ಹಾಲ್‌ನಲ್ಲಿ ಸಣ್ಣ ಕೂಟ ಮಾಡುವ ಯೋಚನೆ ಇದೆ. ಬ್ರೌಸರ್‌ನಲ್ಲೇ ಕೋಡ್ ಬರೆದು ಚಿತ್ರ, ಶಬ್ದ ಮಾಡುವ ಆರು ಜನ, ತಲಾ 7 ನಿಮಿಷ ಮಾತು. ಕೇಳುವವರು ಸುಮಾರು 25. ಪಿ5 (ಚಿತ್ರ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ), ಶೇಡರ್ (ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡುವ ಚಿತ್ರದ ಕೋಡ್), ವೆಬ್ ಆಡಿಯೋ (ಬ್ರೌಸರ್‌ನಲ್ಲೇ ಶಬ್ದ ಹುಟ್ಟಿಸುವುದು), ಜೊತೆಗೆ ಒಬ್ಬರದು ಕನ್ನಡ ಅಕ್ಷರಗಳ ಅನಿಮೇಶನ್. ಜುಲೈ ಭಾನುವಾರ ಸಂಜೆ 5ಕ್ಕೆ ಇಡಬಹುದಾ? ಪ್ರೊಜೆಕ್ಟರ್ ಬಾಡಿಗೆಗೆ ತರಬೇಕಾ? ನೆಟ್ ಕೈಕೊಟ್ಟರೆ ಏನು ದಾರಿ?

ತೋಟದ_ದಾರಿ:
ಸಂಜೆ ಖಂಡಿತ ಬೇಡ. ತಿತಿಮತಿ, ಸಿದ್ದಾಪುರ ಕಡೆಯವರು ಕತ್ತಲಾದ ಮೇಲೆ ಆನೆ ಓಡಾಡುವ ರಸ್ತೆಯಲ್ಲಿ ವಾಪಸ್ ಹೋಗಬೇಕು. ಬೆಳಿಗ್ಗೆ 10ಕ್ಕೆ ಶುರು ಮಾಡಿ, ಊಟದ ಹೊತ್ತಿಗೆ ಮುಗಿಸಿ. ಜುಲೈ ಮಳೆಗೆ ಶೀಟ್ ಮಾಡಿನ ಹಾಲ್ ಆದರೆ ಆಡಿಯೋ ಕೆಲಸ ಯಾರಿಗೂ ಕೇಳಿಸದು. ಆರ್‌ಸಿಸಿ ತಾರಸಿಯದ್ದೇ ನೋಡಿ.

ಪ್ರೊಜೆಕ್ಟರ್ ಬದಲು 43 ಇಂಚಿನ ಎಲ್‌ಇಡಿ ಟಿವಿ ಸಾಕು. ಇಂಥ ಕೆಲಸಗಳಲ್ಲಿ ಕಪ್ಪು ಹಿನ್ನೆಲೆಯೇ ಜಾಸ್ತಿ, ಹಗಲು ಬೆಳಕಲ್ಲಿ ಪ್ರೊಜೆಕ್ಟರ್ ಅದನ್ನು ಬೂದಿ ಬಣ್ಣ ಮಾಡಿಬಿಡುತ್ತದೆ. ಕರೆಂಟ್ ಹೋದಾಗ ಟಿವಿ ಮನೆಯ ಇನ್ವರ್ಟರ್ ಮೇಲೂ ನಡೆಯುತ್ತದೆ. ಲ್ಯಾಂಪ್ ಪ್ರೊಜೆಕ್ಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಒಮ್ಮೆ ಆರಿದರೆ ಲ್ಯಾಂಪ್ ತಣಿಯುವವರೆಗೆ ಕಾಯಬೇಕು.

ಲೋಕಲ್‌ಹೋಸ್ಟ್:
ನೆಟ್ ಇಲ್ಲ ಅಂದುಕೊಂಡೇ ತಯಾರಾಗಿ. ಎಲ್ಲರ ಸ್ಕೆಚ್ (ಅಂದರೆ ಬರೆದ ಪ್ರೋಗ್ರಾಂ) ಮೂರು ದಿನ ಮೊದಲೇ ತರಿಸಿ ಒಂದೇ ಲ್ಯಾಪ್‌ಟಾಪ್‌ಗೆ ಹಾಕಿ. ಸಮಯ ಹಾಳಾಗುವುದು ಮಾತಿನಲ್ಲಲ್ಲ, ಕೇಬಲ್ ಬದಲಿಸುವಾಗ.

ಪಿ5 ವೆಬ್ ಎಡಿಟರ್‌ನಿಂದ ಜಿಪ್ ಇಳಿಸಿಕೊಂಡರೆ ಮುಗಿಯಲಿಲ್ಲ. ಅದರ ಇಂಡೆಕ್ಸ್ ಫೈಲ್ ಲೈಬ್ರರಿಯನ್ನು ಇನ್ನೂ ನೆಟ್‌ನಿಂದಲೇ ಕರೆಯುತ್ತಿರಬಹುದು, ತೆರೆದು ನೋಡಿ. ಹಾಗಿದ್ದರೆ ಪಿ5, ಪಿ5 ಸೌಂಡ್ ಫೈಲ್‌ಗಳನ್ನು ಅದೇ ಫೋಲ್ಡರ್‌ಗೆ ಇಳಿಸಿ, ಸ್ಕ್ರಿಪ್ಟ್ ಟ್ಯಾಗ್‌ನ ವಿಳಾಸ ಬದಲಿಸಿ, ವೈಫೈ ಆರಿಸಿ ಪರೀಕ್ಷಿಸಿ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಬ್ರೌಸರ್ ಚಿತ್ರ, ಶಬ್ದದ ಫೈಲ್‌ಗಳನ್ನು ತಡೆಯುತ್ತದೆ. ಅದರ ಬದಲು ಪೈಥಾನ್‌ನಲ್ಲೇ ಬರುವ ಎಚ್‌ಟಿಟಿಪಿ ಸರ್ವರ್ ಓಡಿಸಿ, ಅದರ ಮೂಲಕ ತೆರೆಯಿರಿ.

ಕ್ಯಾಮೆರಾ ಬಳಸುವ ಸ್ಕೆಚ್ ಇದ್ದರೆ ಸರ್ವರ್ ಅದೇ ಲ್ಯಾಪ್‌ಟಾಪ್‌ನಲ್ಲಿರಲಿ. ಕ್ಯಾಮೆರಾ ತೆರೆಯುವುದು ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್‌ನಲ್ಲಿ (ಅದೇ ಲ್ಯಾಪ್‌ಟಾಪ್ ತನ್ನನ್ನೇ ಕರೆಯುವ ವಿಳಾಸ) ಮಾತ್ರ, 192.168ರಿಂದ ಶುರುವಾಗುವ ವೈಫೈ ವಿಳಾಸದಲ್ಲಿ ಅಲ್ಲ. ಆಡಿಯೋಗೆ ಮೊದಲು ಒಂದು ಕ್ಲಿಕ್ ಬೇಕು, ಇಲ್ಲದಿದ್ದರೆ ಬ್ರೌಸರ್ ಶಬ್ದ ತಡೆಹಿಡಿಯುತ್ತದೆ. ‘ಶುರು’ ಅಂತ ಒಂದು ಬಟನ್ ಇಟ್ಟುಬಿಡಿ.

ಶೇಡರ್_ಮಂಜು:
ಒಂದೇ ಲ್ಯಾಪ್‌ಟಾಪ್ ಅನ್ನುವುದು ಶೇಡರ್‌ಗೆ ಒಪ್ಪುವುದಿಲ್ಲ ಸರ್. ಬರೆದವರ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ ಓಡಿದ್ದು ಸಾದಾ ಲ್ಯಾಪ್‌ಟಾಪ್‌ನಲ್ಲಿ ತೆವಳುತ್ತದೆ. ಅವರು ಸ್ವಂತ ಮೆಷಿನ್ ತರಲಿ, ಅವರದನ್ನು ವಿರಾಮದ ನಂತರ ಇಡಿ. ಆಗದಿದ್ದರೆ ಕ್ಯಾನ್ವಾಸ್ (ಚಿತ್ರ ಮೂಡುವ ಜಾಗ) 1280×720ಕ್ಕೆ ಇಳಿಸಿ: ಫುಲ್ ಎಚ್‌ಡಿಯ 20,73,600 ಪಿಕ್ಸೆಲ್ ಬದಲು 9,21,600, ಕೆಲಸ ಅರ್ಧಕ್ಕಿಂತ ಕಡಿಮೆ. ಚಾರ್ಜರ್ ಚುಚ್ಚಿಯೇ ಇರಲಿ, ಬ್ಯಾಟರಿ ಮೇಲೆ ಗ್ರಾಫಿಕ್ಸ್ ವೇಗ ಬೀಳುತ್ತದೆ. ತೆರೆದಿಟ್ಟ ಬೇರೆ ಸ್ಕೆಚ್‌ಗಳ ಟ್ಯಾಬ್ ಮುಚ್ಚಿ.

ಗೋಣಿಕೊಪ್ಪ_ಪಿಕ್ಸೆಲ್:
ಇಬ್ಬರು ಶೇಡರ್‌ನವರಿಗೆ ಅವರವರ ಮೆಷಿನ್, ಉಳಿದವರಿಗೆ ಒಂದೇ ಲ್ಯಾಪ್‌ಟಾಪ್. ಕನ್ನಡದ ಸ್ಕೆಚ್‌ನಲ್ಲಿ ಒತ್ತಕ್ಷರ ಒಡೆದು ಬರ್ತಿದೆ, ಅದಕ್ಕೇನು?

ಒತ್ತಕ್ಷರ:
ಪಿ5ರ ಹಳೆಯ, ಅಂದರೆ 1ನೇ ಸರಣಿಯಲ್ಲಿ ಫಾಂಟ್ ಫೈಲ್ ತೆರೆಯುವ ಲೋಡ್‌ಫಾಂಟ್ ಆಜ್ಞೆ ಬಳಸಿದರೆ ಹಾಗೇ ಆಗುತ್ತದೆ. ಅದು ಅಕ್ಷರ ಬಿಡಿಸುವ ಕೆಲಸವನ್ನು ಬ್ರೌಸರ್‌ಗೆ ಬಿಡುವುದಿಲ್ಲ, ಅದಕ್ಕೆ ಕನ್ನಡದ ಜೋಡಣೆ ಗೊತ್ತಿಲ್ಲ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್‌ನ ಫೈಲನ್ನು ಸಿಎಸ್‌ಎಸ್‌ನಲ್ಲಿ (ಪುಟದ ಶೈಲಿ ಬರೆಯುವ ಕಡೆ) ಸೇರಿಸಿ, ಪಿ5ರ ಟೆಕ್ಸ್ಟ್‌ಫಾಂಟ್ ಆಜ್ಞೆಗೆ ಫಾಂಟ್‌ನ ಹೆಸರು ಮಾತ್ರ ಕೊಡಿ. ಚುಕ್ಕಿಗಳಾಗಿ ಬೇಕಿದ್ದರೆ ಅಕ್ಷರವನ್ನು ಚುಕ್ಕಿ ಮಾಡುವ ಟೆಕ್ಸ್ಟ್‌ಟುಪಾಯಿಂಟ್ಸ್ ಆಜ್ಞೆ ಬಿಡಿ: ಮರೆಯ ಕ್ಯಾನ್ವಾಸ್‌ನಲ್ಲಿ ಪದ ಬರೆದು, ಅದರ ಪಿಕ್ಸೆಲ್ ಡೆನ್ಸಿಟಿ 1 ಮಾಡಿ, ಪ್ರತಿ 4ನೇ ಪಿಕ್ಸೆಲ್ ಓದಿ ಬಣ್ಣ ಇರುವ ಕಡೆ ಚುಕ್ಕಿ ಇಡಿ.

ಅಕ್ಷರ ಒಂದೊಂದಾಗಿ ಕುಣಿಯಬೇಕೆಂದರೆ ಪದವನ್ನು ಸ್ಪ್ಲಿಟ್ ಆಜ್ಞೆಯಿಂದ ಒಡೆಯಬೇಡಿ, ಕೊಂಬು, ದೀರ್ಘ ಎಲ್ಲ ಚೆಲ್ಲಾಪಿಲ್ಲಿ. ಬ್ರೌಸರ್‌ನಲ್ಲೇ ಇರುವ ಇಂಟಲ್ ಸೆಗ್ಮೆಂಟರ್ (Intl.Segmenter, ಪದವನ್ನು ಅಕ್ಷರಗಳಾಗಿ ಬಿಡಿಸುವ ಸಾಧನ) ಬಳಸಿ, ಆಮೇಲೆ ‘್’ನಲ್ಲಿ ಮುಗಿಯುವ ತುಂಡನ್ನು ಮುಂದಿನದಕ್ಕೆ ಅಂಟಿಸಿ. ಮುಂದಿನದು ಖಾಲಿ ಜಾಗವಾದರೆ ಅಂಟಿಸಬೇಡಿ, ‘ಕೋಡ್’ ಥರದ ಪದದ ಕೊನೆಗೆ ಅದು ಹಾಗೆಯೇ ಇರಬೇಕು.